ಈಸೆಲ್

ಚಿತ್ರ ಬರೆಯುವಾಗ ಹಲಗೆಯನ್ನೋ ಕ್ಯಾನ್ವಾಸನ್ನೋ ಒರಗಿಸಿಕೊಳ್ಳುವ ಕಾಲುಳ್ಳ ಚೌಕಟ್ಟು. ಆಡುಮಾತಿನಲ್ಲಿ ಬರೀ ‘ಸ್ಟ್ಯಾಂಡು’.

ಇಂಗ್ಲಿಷಿನಿಂದ ನಮಗೆ ಬಂದರೂ ಪದದ ತವರು ಡಚ್ ಭಾಷೆ. ಅಲ್ಲಿ ‘ಏಜೆಲ್’ ಎಂದರೆ ಕತ್ತೆ. ಹೊರೆ ಹೊತ್ತು ಸುಮ್ಮನೆ ನಿಲ್ಲುವುದರಿಂದ ಚೌಕಟ್ಟಿಗೂ ಅದೇ ಹೆಸರಾಯಿತು. ಫ್ರೆಂಚರಿಗೆ ಇದು ಪುಟ್ಟ ಕುದುರೆ. ನಾವೂ ಕಡಿಮೆಯಿಲ್ಲ, ವೀಣೆಯ ತಂತಿ ಹೊರುವ ಸೇತುವೆಗೆ ‘ಕುದುರೆ’ ಎನ್ನುತ್ತೇವಲ್ಲ!

ಈ ಕತ್ತೆಯನ್ನು ಕಡಲತೀರಕ್ಕೆ ಒಯ್ದವರು 19ನೇ ಶತಮಾನದ ಡಚ್ ಚಿತ್ರಕಾರರಾದ ಹೇಗ್ ಪಂಥದವರು. ಹೇಗ್ ಬಳಿಯ ಸ್ಖೆವೆನಿಂಗೆನ್ ತೀರದ ಮರಳಿನ ಮೇಲೆ ಎಳೆದುಹಾಕಿದ ಚಪ್ಪಟೆ ತಳದ ದೋಣಿಗಳು, ಮೀನುಗಾರರ ಹೆಂಗಸರು ಇವರ ವಸ್ತು. ಆಂಟನ್ ಮೌವೆ, ಯೋಸೆಫ್ ಇಸ್ರಾಯೆಲ್ಸ್ ಜಲವರ್ಣದಲ್ಲೂ ಪಳಗಿದ ಕೈಗಳು. ಮೌವೆಯ ಬಳಿ ಜಲವರ್ಣ ಕಲಿತ ವ್ಯಾನ್ ಗೋ 1882ರಲ್ಲಿ ಅಲ್ಲೇ ಬಿರುಗಾಳಿಯಲ್ಲಿ ನಿಂತು ಬರೆದ ತೈಲಚಿತ್ರಕ್ಕೆ ಮರಳು ಮೆತ್ತಿಕೊಂಡಿತು. ಕೆಲವು ಕಣಗಳು ಇಂದಿಗೂ ಬಣ್ಣದಲ್ಲಿವೆ. ಯೋಸೆಫರ ಮಗ ಇಸಾಕ್ ಬರೆದದ್ದು ತೀರದಲ್ಲಿ ಕತ್ತೆ ಸವಾರಿ ಹೊರಟ ಮಕ್ಕಳನ್ನು. ಏಜೆಲ್ ಮೇಲೆ ಏಜೆಲ್!

ಕಡಲಿಲ್ಲದ ಚಿಕ್ಕಬಳ್ಳಾಪುರದ ಕಡೆ ಈಸೆಲ್ ಹೊತ್ತು ಹೋಗುವುದಕ್ಕೆ 1,478 ಮೀಟರ್ ಎತ್ತರದ ನಂದಿಬೆಟ್ಟವಿದೆ. ಜಲವರ್ಣವಾದರೆ ಹಲಗೆಯನ್ನು ಹೆಚ್ಚುಕಡಿಮೆ ಮಲಗಿಸಿಯೇ ಇಡಬೇಕು. ನೆಟ್ಟಗೆ ನಿಲ್ಲಿಸಿದಿರೋ, ಆಕಾಶದ ನೀಲಿ ಬಂಡೆಗೆ ಇಳಿದುಬಿಡುತ್ತದೆ. ಬೆಳಗಿನ ಮಂಜಿನಲ್ಲಿ ಕಾಗದ ಒಣಗುವುದೂ ತಡ.