ಕವಡೆ ಹಾಕಿ ಟ್ರ್ಯಾಕ್ ಕಟ್ಟೋದು: ಸ್ಯಾಂಪಲ್, ಆಕಸ್ಮಿಕ ಮತ್ತು ಒಪ್ಪಿಗೆ

ಸ್ಯಾಂಪಲ್ ಅಂದ್ರೆ ಮೊದಲೇ ರೆಕಾರ್ಡ್ ಆಗಿರುವ ಶಬ್ದದ ಒಂದು ತುಣುಕು. ಅದನ್ನು ಕತ್ತರಿಸಿ, ಮತ್ತೆ ಜೋಡಿಸಿ ಹೊಸ ಸಂಗೀತ ಮಾಡಬಹುದು. ಯಾವ ತುಣುಕು ಮೊದಲು, ಎಷ್ಟು ಹೊತ್ತು, ಎಲ್ಲಿ ಮೌನ ಎಂಬುದನ್ನು ನಾವೇ ತೀರ್ಮಾನಿಸದೆ ನಾಣ್ಯಕ್ಕೋ ದಾಳಕ್ಕೋ ಬಿಟ್ಟರೆ ಅದು ಆಕಸ್ಮಿಕ ವಿಧಾನ. ಇದಕ್ಕೆ ಸ್ಟುಡಿಯೋ ಬೇಕಿಲ್ಲ. ಒಂದು ಫೋನು, ಹಳೇ ಲ್ಯಾಪ್‌ಟಾಪು, ಉಚಿತವಾಗಿ ಸಿಗುವ ಆಡಾಸಿಟಿ ಸಾಕು.

ಅಮೆರಿಕದ ಜಾನ್ ಕೇಜ್ 1951ರಲ್ಲಿ ನಾಣ್ಯ ಚಿಮ್ಮಿ, ಚೀನಾದ ಪುರಾತನ ಗ್ರಂಥ ಐ ಚಿಂಗ್ ನೋಡಿ ಸ್ವರಗಳನ್ನು ಆಯ್ದು 'ಮ್ಯೂಸಿಕ್ ಆಫ್ ಚೇಂಜಸ್' ರಚಿಸಿದರು. ಅದಕ್ಕೂ ಮುಂಚೆ, 1946ರಲ್ಲಿ, ಅವರಿಗೆ ಭಾರತೀಯ ಸಂಗೀತ ಹೇಳಿಕೊಟ್ಟವರು ಅಹಮದಾಬಾದಿನ ಗೀತಾ ಸಾರಾಭಾಯಿ. 1969ರಲ್ಲಿ ಕೇಜ್ ಅವರ ಜೊತೆಗಾರ ಡೇವಿಡ್ ಟ್ಯೂಡರ್ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೂಗ್ ಸಿಂಥಸೈಜರ್ ಕೂರಿಸಿದರು. ಹಾಗಾಗಿ ಇದು ಪಾಶ್ಚಾತ್ಯರ ಹುಚ್ಚಾಟ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ನನ್ನ ಹತ್ತಿರ ಇರುವ ಶಬ್ದಗಳೆಲ್ಲ ನಮ್ಮ ಜಿಲ್ಲೆಯವೇ. ಚಿತ್ರದುರ್ಗದ ಜೋಗಿಮಟ್ಟಿಯ ಗಾಳಿಯಂತ್ರದ ರೆಕ್ಕೆ ಬೀಸುವ ಸದ್ದು, ಹೊಳಲ್ಕೆರೆ ಕಡೆಯ ಅಡಿಕೆ ಸುಲಿಯುವ ಮಷೀನು, ಹೊಸದುರ್ಗ ಬಸ್ ಸ್ಟ್ಯಾಂಡಿನ ಗದ್ದಲ. ಹಿರಿಯೂರಿನ ವಾಣಿವಿಲಾಸ ಸಾಗರ 2022ರಲ್ಲಿ, 89 ವರ್ಷಗಳ ನಂತರ, ಕೋಡಿ ಬಿದ್ದಾಗ ಹಿಡಿದ ನೀರಿನ ಸದ್ದೂ ಇದೆ. ನಮ್ಮ ಕಡೆ ಗಾಳಿ ಜಾಸ್ತಿ, ಫೋನಿನ ಮೈಕಿಗೆ ಹಳೇ ಕಾಲುಚೀಲ ಹಾಕಿ. ಫೈಲನ್ನು ವೇವ್ ಫಾರ್ಮ್ಯಾಟಿನಲ್ಲೇ ಉಳಿಸಿ. ವಾಟ್ಸಾಪ್ ವಾಯ್ಸ್ ಮೆಸೇಜು ಶಬ್ದವನ್ನು ಹಿಂಡಿಬಿಡುತ್ತೆ.

ಇನ್ನು ಆಟ. ನಾನು ಚೌಕಾಬಾರದ 4 ಕವಡೆ ಬಳಸುತ್ತೇನೆ. ಬೀಳುವ ಗರ 1, 2, 3, 4 ಅಥವಾ 8. ಕವಡೆ ಎರಡೂ ಕಡೆಗೆ ಸಮವಾಗಿ ಬೀಳುತ್ತದೆ ಅಂದುಕೊಂಡರೆ, 16 ಸಲಕ್ಕೆ ಸರಾಸರಿ 6 ಸಲ ಎರಡು, ತಲಾ 4 ಸಲ ಒಂದು ಮತ್ತು ಮೂರು, ತಲಾ ಒಂದೇ ಸಲ ನಾಲ್ಕು ಮತ್ತು ಎಂಟು. ನಿಜವಾದ ಕವಡೆ ಅಷ್ಟು ಸಮವೂ ಅಲ್ಲ, ಒಂದು ಕಡೆ ಉಬ್ಬು, ಇನ್ನೊಂದು ಕಡೆ ಬಾಯಿ. ಎರಡಕ್ಕೆ ಬಸ್ ಸ್ಟ್ಯಾಂಡು, ಎಂಟಕ್ಕೆ ಕೋಡಿ ನೀರು ಅಂತ ಇಟ್ಟಿದ್ದೇನೆ. ಮೊದಲ ಸಲ ಹಾಕಿದ್ದು ಯಾವ ತುಣುಕು ಅಂತ, ಎರಡನೇ ಸಲ ಹಾಕಿದ್ದು ಎಷ್ಟು ಸೆಕೆಂಡು ಅಂತ, ಮೂರನೇದು ಆಮೇಲಿನ ಮೌನ. ಬಂದದ್ದು ಇಷ್ಟ ಆಗಲಿಲ್ಲ ಅಂತ ಮತ್ತೆ ಹಾಕಿದರೆ ಆಟ ಕೆಟ್ಟಿತು.

ಆದರೆ ಜೋಡಣೆ ಮಾತ್ರ ಕವಡೆಯದ್ದು. ಚೀಲಕ್ಕೆ ಯಾರ ದನಿ ಹಾಕಬೇಕು ಅನ್ನೋದು ನಮ್ಮದೇ ತೀರ್ಮಾನ, ಜಗಳ ಇರೋದೂ ಅಲ್ಲೇ. ಕಾಡುಗೊಲ್ಲರ ಗಣೆಯನ್ನೇ ತಗೊಳ್ಳಿ. ಜುಂಜಪ್ಪನ ಕಾವ್ಯದ ಜೊತೆ ನುಡಿಸುವ ಉದ್ದನೆಯ ಬಿದಿರ ಕೊಳಲು ಅದು, ಅವರಿಗೆ ಪೂಜೆಯ ವಸ್ತು. ಹತ್ತು ಸೆಕೆಂಡು ಕತ್ತರಿಸಿ ಬೀಟಿನ ಕೆಳಗೆ ಹಾಕಿ 'ಜಾನಪದ' ಅಂತ ಬರೆದುಬಿಡೋದು ಸುಲಭ. ಪರಿಶಿಷ್ಟ ಪಂಗಡದ ಮಾನ್ಯತೆಗಾಗಿ ವರ್ಷಗಳಿಂದ ಕೂಗುತ್ತಿರುವ ಸಮುದಾಯದ ದನಿ ಬೇಕು, ಹೆಸರು ಬೇಡ ಅನ್ನೋದು ನನ್ನ ಪ್ರಕಾರ ಕಳ್ಳತನ.

ಕಾನೂನೂ ಹೆಚ್ಚುಕಮ್ಮಿ ಹಾಗೇ ನೋಡುತ್ತದೆ. ಪರಂಪರೆಯಿಂದ ಬಂದ ಪದ ಯಾರೊಬ್ಬರ ಆಸ್ತಿಯೂ ಅಲ್ಲದಿರಬಹುದು, ಆದರೆ ಅದನ್ನು ಹಾಡಿದವರಿಗೆ, ನುಡಿಸಿದವರಿಗೆ 1957ರ ಕಾಪಿರೈಟ್ ಕಾಯ್ದೆಯಡಿ 50 ವರ್ಷಗಳ ಹಕ್ಕಿದೆ. ರೆಕಾರ್ಡಿಂಗ್‌ನ ಹಕ್ಕು ಬೇರೆ, ಅದು 60 ವರ್ಷ. ಸ್ವಂತಕ್ಕೆ ಕೇಳಲು ರೆಕಾರ್ಡ್ ಮಾಡಿಕೊಂಡರೆ ತಪ್ಪಿಲ್ಲ, ಯೂಟ್ಯೂಬಿಗೆ ಹಾಕುವಾಗ ಒಪ್ಪಿಗೆ ಬೇಕು. 2012ರ ತಿದ್ದುಪಡಿಯಂತೆ ಕಲಾವಿದರು ತಮ್ಮ ಹೆಸರು ಹಾಕಿ ಅಂತ ಕೇಳಬಹುದು, ಮರ್ಯಾದೆಗೆ ಧಕ್ಕೆ ಬರುವಂತೆ ತಿರುಚಿದರೆ ತಡೆಯಬಹುದು.

ಬಾಯಿಮಾತು ಸಾಲದು, ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದು ಸಹಿ ಹಾಕಿಸಿಕೊಳ್ಳಿ: ಹೆಸರು, ಹಟ್ಟಿ, ದಿನಾಂಕ, ಎಲ್ಲೆಲ್ಲಿ ಹಾಕುತ್ತೀರಿ, ಹೇಗೆ ಕತ್ತರಿಸುತ್ತೀರಿ, ದುಡ್ಡು ಬಂದರೆ ಅವರ ಪಾಲೆಷ್ಟು. ಅದನ್ನು ಓದಿ ಹೇಳಿ, ಒಂದು ಪ್ರತಿ ಅವರಿಗೂ ಕೊಡಿ. ಮಾಡಿದ ಟ್ರ್ಯಾಕನ್ನು ಹಾಕುವ ಮೊದಲು ಹಟ್ಟಿಗೆ ಹೋಗಿ ಕೇಳಿಸಿ. ಬೇಡ ಅಂದರೆ ಆ ತುಣುಕು ತೆಗೆದು, ಕವಡೆ ಮತ್ತೆ ಹಾಕಿ.