ಗಾಡಿಯ ಹಳಿ, ಗಾಡಿಯ ಬಿರಿ

ಕಡೂರು ತಾಲ್ಲೂಕಿನ ಹಿರೇನಲ್ಲೂರಿಗೆ ಹೋದವರು ಅಲ್ಲಿನ ಹೊಯ್ಸಳರ ಕಾಲದ ಮಲ್ಲಿಕಾರ್ಜುನ ದೇವಾಲಯವನ್ನು ನೋಡಿಕೊಂಡು ಬರುತ್ತಾರೆ. ನೋಡತಕ್ಕದ್ದೇ. ಆದರೆ ಆ ಸೀಮೆಯ ಮಣ್ಣಿನ ಮೇಲೆ ಉರುಳಿದ ಗಾಲಿಗೂ ಒಂದು ಚರಿತ್ರೆಯುಂಟು. ಯಾರೋ ಓಡಿಸಿ ಬಿಟ್ಟ ಹಳೆಯ ಜೀಪನ್ನೋ ಕಾರನ್ನೋ ಕೊಂಡು, ಅದಕ್ಕೆ ಟೈರು, ಬ್ರೇಕು ಬದಲಿಸಲು ಹೊರಟಿರುವ ವಾಚಕರಿಗೆ ಅದನ್ನು ಕೇಳುವ ಅಗತ್ಯ ಮಿಕ್ಕವರಿಗಿಂತ ಹೆಚ್ಚು. ನಮ್ಮ ರೈತರೂ ಹಿಂದೆ ತಮ್ಮ ಗಾಡಿಗಳಿಗೆ ಇದೇ ಕೆಲಸವನ್ನು ಮಾಡಿದರು. ಆದರೆ ಅರ್ಧ ಮಾತ್ರ ಮಾಡಿದರು.

ಕಡೂರು, ತರೀಕೆರೆ, ಅಜ್ಜಂಪುರದ ಸೀಮೆ ಅಮೃತಮಹಲ್ ರಾಸುಗಳ ನಾಡು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆಂದು ಹೆಸರಾಗಿದ್ದ ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು ಸುಲ್ತಾನ. ಈ ಎತ್ತುಗಳು ಮೈಸೂರು ಸೈನ್ಯದ ಫಿರಂಗಿಗಳನ್ನೂ ಸಾಮಾನು ಸರಂಜಾಮನ್ನೂ ಎಳೆದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇವುಗಳ ಬೆಲೆಯನ್ನರಿತು ಇಂಗ್ಲಿಷರೂ ಇವನ್ನು ಕೈಬಿಡಲಿಲ್ಲ. ಅಜ್ಜಂಪುರದಲ್ಲಿ ಈ ತಳಿಯ ಸಂವರ್ಧನ ಕೇಂದ್ರ ಇಂದಿಗೂ ಇದೆ.

ರೈಲು ಬಂದ ಮೇಲೆ ಗಾಡಿಗಳ ಕೆಲಸ ಕಡಮೆಯಾಗಿರಬೇಕೆಂದು ನೀವು ಊಹಿಸಬಹುದು. ಇಲ್ಲಿ ಹಾಗಾಗಲಿಲ್ಲ. ಕಡೂರು, ಬೀರೂರುಗಳು ರೈಲುನಿಲ್ದಾಣಗಳಾದದ್ದರಿಂದ ಅಲ್ಲಿಗೆ ಸರಕು ತಂದು ಸುರಿಯಲು ಗಾಡಿಗಳೇ ಬೇಕಾದವು. ಚಿಕ್ಕಮಗಳೂರಿಗೆ ರೈಲು ಬಂದದ್ದು 2013ರಲ್ಲಿ. ಅಲ್ಲಿಯ ಕಾಫಿಗೆ ಮೊದಲು ರೈಲಿನ ಬಾಗಿಲು ಕಡೂರೇ. ಗಿರಿಯ ಸೀಮೆಯಿಂದ ಬಯಲಿಗೆ ಇಳಿಜಾರಿನಲ್ಲಿ ಭಾರ ಹೊತ್ತು ಬರುವ ಗಾಡಿಗೆ ಎರಡು ವಸ್ತುಗಳು ಗಟ್ಟಿಯಾಗಿರಬೇಕು: ಗಾಲಿಯ ಹಳಿ ಮತ್ತು ಬಿರಿ.

ಸಂಸ್ಕೃತದಲ್ಲಿ ಗಾಲಿಯ ನಡುವಣ ಗುಂಬಕ್ಕೆ ನಾಭಿಯೆಂದೂ, ಕಡ್ಡಿಗಳಿಗೆ ಅರವೆಂದೂ, ಹೊರಸುತ್ತಿಗೆ ನೇಮಿಯೆಂದೂ ಹೆಸರು. ಈ ನೇಮಿಯ ಮರವನ್ನು ಬಿಗಿದು ಹಿಡಿಯುವ ಕಬ್ಬಿಣದ ಬಳೆಯೇ ಹಳಿ. ರೈಲು ಓಡುವ ಕಂಬಿಗೂ ನಾವು ಹಳಿಯೆಂದೇ ಹೇಳುತ್ತೇವೆ. ಒಂದೇ ಮಾತು ಗಾಲಿಯ ಮೇಲೂ ಗಾಲಿಯ ಕೆಳಗೂ ಇದೆ. ಹಳಿ ಕಟ್ಟುವುದು ಊರಿಗೆ ಒಂದು ನೋಟವಾಗಿತ್ತು. ಕಮ್ಮಾರನು ಬಳೆಯನ್ನು ಗಾಲಿಯ ಸುತ್ತಳತೆಗಿಂತ ಕೊಂಚ ಕಿರಿದಾಗಿಯೇ ಮಾಡುತ್ತಿದ್ದನು. ಅದನ್ನು ನೆಲದ ಮೇಲೆ ಮಲಗಿಸಿ, ಸುತ್ತ ಬೆರಣಿ ಒಟ್ಟಿ ಬೆಂಕಿ ಹಾಕಿದರೆ, ಕಾದ ಕಬ್ಬಿಣ ಹಿಗ್ಗುತ್ತಿತ್ತು. ಇಕ್ಕುಳದಿಂದ ಎತ್ತಿ ಗಾಲಿಗೆ ಕೂರಿಸಿ, ಮರ ಹೊತ್ತಿಕೊಳ್ಳುವ ಮುನ್ನ ನೀರು ಸುರಿಯಬೇಕು. ಕಬ್ಬಿಣ ಕುಗ್ಗುತ್ತಿದ್ದಂತೆ ಕೀಲು ಕೀಲೂ ಕಿರುಗುಟ್ಟುತ್ತಾ ಬಿಗಿದುಕೊಳ್ಳುತ್ತಿದ್ದವು. ಶಾಖದಿಂದ ಲೋಹ ಹಿಗ್ಗುತ್ತದೆಂಬ ಪಾಠವನ್ನು ಹಳ್ಳಿಯ ಹುಡುಗರು ಶಾಲೆಗಿಂತ ಮೊದಲು ಕುಲುಮೆಯ ಬಳಿಯಲ್ಲೇ ಕಲಿಯುತ್ತಿದ್ದರು. ಬೇಸಗೆಯಲ್ಲಿ ಮರ ಒಣಗಿ ಹಳಿ ಸಡಿಲವಾದರೆ ಗಾಲಿಯನ್ನು ಕೆರೆಯ ನೀರಿನಲ್ಲಿ ಕೆಡವಿ ನೆನೆಸುತ್ತಿದ್ದರು.

ಬಿರಿಯ ರಚನೆ ಇನ್ನೂ ಸರಳ. ಗಾಲಿಗಳಿಗೆ ಅಡ್ಡಲಾಗಿ ತೂಗುವ ಒಂದು ಮರ, ಅದನ್ನು ಎಳೆದು ಕಟ್ಟುವ ಒಂದು ಹಗ್ಗ. ಇಳಿಜಾರು ಬಂದಾಗ ಗಾಡಿಯವನು ಹಗ್ಗವನ್ನು ಬಿಗಿಯುತ್ತಿದ್ದನು. ಮರ ಹಳಿಗೆ ಉಜ್ಜಿ ವೇಗ ತಗ್ಗುತ್ತಿತ್ತು. ಮರ ಸವೆದರೆ ಇನ್ನೊಂದು ಮರ, ಕಾಡಿಗೆ ಬರವಿರಲಿಲ್ಲ.

ಇನ್ನು ರಬ್ಬರಿನ ಟೈರಿನ ಸಂಗತಿ. ಗಾಳಿ ತುಂಬಿದ ಟೈರಿಗೆ 1845ರಲ್ಲಿಯೇ ರಾಬರ್ಟ್ ವಿಲಿಯಂ ತಾಮ್ಸನ್ ಎಂಬಾತನು ಪೇಟೆಂಟು ಪಡೆದಿದ್ದನು. ಅದು ಬಳಕೆಗೆ ಬರಲಿಲ್ಲ. 1888ರಲ್ಲಿ ಬೆಲ್‌ಫಾಸ್ಟಿನ ಜಾನ್ ಬಾಯ್ಡ್ ಡನ್ಲಪ್ ತನ್ನ ಮಗನ ಮೂರುಗಾಲಿಯ ಸೈಕಲ್ಲಿಗಾಗಿ ಅದನ್ನೇ ಹೊಸದಾಗಿ ಕಂಡುಹಿಡಿದನು. ಈತನು ವೃತ್ತಿಯಿಂದ ಪಶುವೈದ್ಯ! ಬಂಗಾಳದ ಸಾಹಾಗಂಜಿನಲ್ಲಿ ಆತನ ಹೆಸರಿನ ಕಾರ್ಖಾನೆ 1936ರಲ್ಲಿ ಆರಂಭವಾಯಿತು. ಮೋಟಾರಿನ ಹಳೆಯ ಅಚ್ಚು, ಸವೆದ ಟೈರುಗಳನ್ನು ಎತ್ತಿನ ಗಾಡಿಗೆ ಹೊಂದಿಸುವ ಕೆಲಸ ಕಾಲಕ್ರಮದಲ್ಲಿ ಊರೂರಿಗೆ ಹರಡಿತು. ಟೈರು ಯಾವ ಕಂಪನಿಯದಾದರೂ ಜನ ಅದನ್ನು ಡನ್ಲಪ್ ಗಾಡಿ ಎಂದೇ ಕರೆದರು. ಪಶುವೈದ್ಯನ ಹೆಸರು ಎತ್ತಿನ ಗಾಡಿಗೆ ಬಂದು ಸೇರಿದ್ದು ಯೋಗಾಯೋಗವೇ ಸರಿ.

ಇದರ ಲಾಭ ಸಣ್ಣದಲ್ಲ. ಕಿರಿದಾದ ಹಳಿ ಕೆಸರಿನಲ್ಲಿ ಹೂಳುತ್ತಿತ್ತು, ಒಣರಸ್ತೆಯನ್ನು ಕೊರೆದು ಗಾಡಿಜಾಡು ಮಾಡುತ್ತಿತ್ತು. ಅಗಲವಾದ ರಬ್ಬರು ಭಾರವನ್ನು ಹಂಚಿಕೊಂಡು ತೇಲಿದಂತೆ ಹೋಗುತ್ತದೆ. ಕರ್ಣನ ಸಾರಥಿಗೆ ಇಂಥ ಟೈರು ದೊರೆತಿದ್ದರೆ ಭಾರತದ ಕಥೆ ಬೇರೆಯಾಗುತ್ತಿತ್ತೋ ಏನೋ! ಅದೇ ಜೋಡಿ ಎತ್ತು ಹೆಚ್ಚು ಭಾರ ಎಳೆಯಿತು. ರೈತನೂ ಹೆಚ್ಚು ಹೇರಿದನು.

ತೊಡಕು ಬಂದದ್ದು ಇಲ್ಲಿಯೇ. ಕಬ್ಬಿಣದ ಹಳಿಗೆ ಉಜ್ಜುತ್ತಿದ್ದ ಮರದ ಬಿರಿ ರಬ್ಬರಿಗೆ ಒಗ್ಗುವುದಿಲ್ಲ; ಟೈರನ್ನೇ ತಿಂದುಹಾಕುತ್ತದೆ. ಮೋಟಾರಿನಿಂದ ಅಚ್ಚನ್ನು ಕಳಚಿ ತಂದವರು ಅದರ ಬ್ರೇಕನ್ನು ಜೊತೆಗೆ ತರಲಿಲ್ಲ. ಹೀಗೆ ಎಷ್ಟೋ ಗಾಡಿಗಳು ಸರಾಗವಾಗಿ ಉರುಳುವ ಗಾಲಿಯೊಡನೆ, ತಡೆಯುವ ಸಾಧನವಿಲ್ಲದೆ ರಸ್ತೆಗಿಳಿದವು. ಇಳಿಜಾರಿನಲ್ಲಿ ಭಾರ ಹಿಂದಿನಿಂದ ದೂಡುತ್ತದೆ, ನೊಗ ಕೊಂಬಿನ ಕಡೆಗೆ ನುಗ್ಗುತ್ತದೆ, ಎತ್ತುಗಳು ಕಾಲೂರಿ ಕತ್ತಿನಿಂದಲೇ ಗಾಡಿಯನ್ನು ತಡೆಯಬೇಕಾಗುತ್ತದೆ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು 1970ರ ದಶಕದಲ್ಲಿ ಎತ್ತಿನ ಗಾಡಿಯ ಸುಧಾರಣೆಯನ್ನು ದೇಶದ ಪ್ರಶ್ನೆಯೆಂದು ಎತ್ತಿಕೊಂಡರು. ದೊಡ್ಡ ವಿದ್ಯಾಸಂಸ್ಥೆಯೊಂದರ ಮುಖ್ಯಸ್ಥರು ಎತ್ತಿನ ಹೆಗಲನ್ನು ಕುರಿತು ಚಿಂತಿಸಿದ್ದು ನನಗಂತೂ ದೊಡ್ಡ ಮಾತಾಗಿ ತೋರುತ್ತದೆ.

ಈಗ ಹಿರೇನಲ್ಲೂರಿನ ಸುತ್ತಲೂ ಟ್ರ್ಯಾಕ್ಟರು, ಜೀಪುಗಳ ಕಾಲ. ಹಳೆಯ ವಾಹನ ಕೊಳ್ಳುವವರು ಟೈರಿನ ಮಗ್ಗುಲನ್ನು ನೋಡಿರಿ. ಅಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ ಆ ಟೈರು 2019ರ 23ನೆಯ ವಾರದಲ್ಲಿ ಹುಟ್ಟಿದ್ದು. ಗೀರುಗಳ ನಡುವೆ ಸಣ್ಣ ದಿಣ್ಣೆಗಳಿವೆ. ಟೈರು ಅವುಗಳ ಮಟ್ಟಕ್ಕೆ ಸವೆದಿದ್ದರೆ ಉಳಿದ ಆಳ 1.6 ಮಿಲಿಮೀಟರು ಮಾತ್ರ, ಬದಲಿಸಲೇಬೇಕು. ಬ್ರೇಕಿನ ಸವೆತ ಹೀಗೆ ಹೊರಗಿನಿಂದ ಓದಲು ಬರುವುದಿಲ್ಲ. ಟೈರಿಗಾಗಿ ಗಾಲಿ ಕಳಚಿದ ದಿನವೇ ಒಳಗಿನ ಪಟ್ಟಿಯನ್ನೂ ತೆಗೆಸಿ, ನಿಂತು ನೋಡಿಕೊಳ್ಳಬೇಕು.