ಬಾಯ್ಕಾಟ್ ಅನ್ನೋ ಮನುಷ್ಯ

ಯಾವುದೋ ಸಿನಿಮಾನೋ ಬ್ರ್ಯಾಂಡನ್ನೋ 'ಬಾಯ್ಕಾಟ್ ಮಾಡಿ' ಅಂತ ಮೊಬೈಲಿಗೆ ಫಾರ್ವರ್ಡ್ ಬರ್ತಾನೇ ಇರುತ್ತೆ. ಇಷ್ಟು ಸಲೀಸಾಗಿ ಬಳಸೋ ಈ ಇಂಗ್ಲಿಷ್ ಕ್ರಿಯಾಪದ ನಿಜಕ್ಕೂ ಒಬ್ಬ ಮನುಷ್ಯನ ಹೆಸರು ಅಂದ್ರೆ ನಂಬ್ತೀರಾ?

ಐರ್ಲೆಂಡಿನ ಮೇಯೋ ಕೌಂಟಿಯಲ್ಲಿ ಲಾರ್ಡ್ ಅರ್ನ್ ಎಂಬ ಜಮೀನ್ದಾರನ ಆಸ್ತಿಗೆ ಚಾರ್ಲ್ಸ್ ಬಾಯ್ಕಾಟ್ ಏಜೆಂಟ್ ಆಗಿದ್ದ. ನಮ್ಮ ಕಡೆಯ ಮಾತಲ್ಲಿ, ಗೇಣಿ ವಸೂಲಿ ಮಾಡೋ ಪಾರುಪತ್ಯಗಾರ. 1879ರಲ್ಲಿ ಬೆಳೆ ಕೈಕೊಟ್ಟಿತ್ತು. ಮರುವರ್ಷ ಗೇಣಿದಾರರು ಶೇ. 25ರಷ್ಟು ಗೇಣಿ ಇಳಿಸಿ ಅಂತ ಕೇಳಿದರು. ಧಣಿ ಶೇ. 10ಕ್ಕೆ ನಿಂತ. ಕೊಡದವರನ್ನು ಒಕ್ಕಲೆಬ್ಬಿಸೋಕೆ ಬಾಯ್ಕಾಟ್ ನೋಟಿಸ್ ಕಳಿಸಿದ.

ಅದೇ ಸೆಪ್ಟೆಂಬರಿನಲ್ಲಿ ನಾಯಕ ಪಾರ್ನೆಲ್ ಎನ್ನಿಸ್ ಊರಿನ ಸಭೆಯಲ್ಲಿ ಒಂದು ದಾರಿ ಹೇಳಿದ್ದ: ಒಕ್ಕಲೆಬ್ಬಿಸಿದವರ ಹೊಲವನ್ನು ಹಿಡಿದವನನ್ನು ಹೊಡೀಬೇಡಿ, ಅವನ ಜೊತೆ ಎಲ್ಲ ವ್ಯವಹಾರ ಬಿಡಿ. ಮೇಯೋದ ಜನ ಅದನ್ನು ಏಜೆಂಟನ ಮೇಲೇ ಪ್ರಯೋಗಿಸಿದರು. ಆಳುಗಳು ಕೆಲಸ ಬಿಟ್ಟರು, ಅಂಗಡಿಯವರು ಸಾಮಾನು ಕೊಡಲಿಲ್ಲ, ಬಟ್ಟೆ ಒಗೆಯೋರೂ ಸಿಗಲಿಲ್ಲ. ಕೊನೆಗೆ ಸುಮಾರು 50 ಜನ ಹೊರಗಿನಿಂದ ಕೊಯ್ಲಿಗೆ ಬಂದರು. ಅವರ ಕಾವಲಿಗೆ ಸಾವಿರದಷ್ಟು ಸೈನಿಕರು, ಪೊಲೀಸರು! ಸುಮಾರು 500 ಪೌಂಡ್ ಬೆಳೆಗೆ 10,000 ಪೌಂಡ್ ಖರ್ಚಾಯ್ತು ಅಂತ ಆಗಿನ ಲೆಕ್ಕ. ನವೆಂಬರಿನ ಕೊನೆಯಲ್ಲಿ ಬಾಯ್ಕಾಟ್ ಊರು ಬಿಟ್ಟ.

ಈ ಕೆಲಸಕ್ಕೆ ಏನನ್ನೋದು? ಇಂಗ್ಲಿಷಿನಲ್ಲಿ ಗ್ರೀಕ್ ಮೂಲದ 'ಆಸ್ಟ್ರಸೈಜ್' ಇತ್ತು. ಅದು ರೈತರ ಬಾಯಿಗೆ ಕಷ್ಟ ಅಂತ ಓ'ಮ್ಯಾಲಿ ಎಂಬ ಪಾದ್ರಿ 'ಬಾಯ್ಕಾಟ್ ಮಾಡು ಅನ್ನೋಣ' ಅಂದನಂತೆ. ಹೀಗಂತ ಬರೆದವನು ಪತ್ರಕರ್ತ ರೆಡ್‌ಪಾತ್. ನವೆಂಬರ್ ಹೊತ್ತಿಗೆ ಲಂಡನ್ ಪತ್ರಿಕೆಗಳೂ ಈ ಪದ ಬಳಸಿದವು. ಆಮೇಲೆ ಫ್ರೆಂಚ್, ಜರ್ಮನ್, ರಷ್ಯನ್, ಜಪಾನಿ ಭಾಷೆಗಳಿಗೂ ಹೋಯ್ತು. 1905ರ ಆಗಸ್ಟ್ 7ರಂದು ಕಲ್ಕತ್ತದ ಟೌನ್ ಹಾಲಿನಲ್ಲಿ, ಬಂಗಾಳ ವಿಭಜನೆಯ ವಿರುದ್ಧ, ಬ್ರಿಟಿಷ್ ಸರಕಿನ ಬಾಯ್ಕಾಟ್ ನಿರ್ಣಯವಾಯ್ತು.

ಕನ್ನಡದಲ್ಲಿ ಇದಕ್ಕೆ 'ಬಹಿಷ್ಕಾರ' ಅಂತೀವಿ. ತೊಡಕಿರೋದು ಇಲ್ಲೇ. ಬಹಿಷ್ಕಾರ ಅಂದ್ರೆ ಹೊರಗೆ ಹಾಕೋದು. ರಸ್ತೆ ಇಲ್ಲದ ಹಳ್ಳಿ ಚುನಾವಣೆಯಿಂದ ದೂರ ಉಳಿದರೂ ಬಹಿಷ್ಕಾರ. ಊರೆಲ್ಲ ಸೇರಿ ಒಂದು ದಲಿತ ಕುಟುಂಬಕ್ಕೆ ದಿನಸಿ, ಕೂಲಿ, ನೀರು ನಿಲ್ಲಿಸಿದರೂ ಬಹಿಷ್ಕಾರ. ಹಳ್ಳಿಯಲ್ಲಿ ಬೆಳೆದ ನನ್ನಂಥವರಿಗೆ ಎರಡನೇ ಅರ್ಥವೇ ಮೊದಲು ಕಿವಿಗೆ ಬೀಳೋದು. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಂದ ತಿದ್ದುಪಡಿ, ಸಾಮಾಜಿಕ ಮತ್ತು ಆರ್ಥಿಕ ಬಹಿಷ್ಕಾರವನ್ನು ಹೆಸರಿಸಿಯೇ ಅಪರಾಧ ಅಂದಿದೆ.

ಮೇಯೋದಲ್ಲಿ ಬಲವಿಲ್ಲದವರು ಬಲವಿದ್ದವನಿಂದ ತಾವೇ ದೂರ ಸರಿದರು. ಊರ ಬಹಿಷ್ಕಾರದಲ್ಲಿ ಬಲವಿದ್ದವರು ಬಲವಿಲ್ಲದವರನ್ನು ಹೊರಗಿಡ್ತಾರೆ. ಆಯುಧ ಒಂದೇ. ಹಾಗಾಗಿ ಮುಂದಿನ ಸಲ 'ಬಾಯ್ಕಾಟ್' ಫಾರ್ವರ್ಡ್ ಬಂದಾಗ, ಅದರಲ್ಲಿ ಗೇಣಿದಾರ ಯಾರು, ಪಾರುಪತ್ಯಗಾರ ಯಾರು ಅಂತ ನೋಡಿಯೇ ಮುಂದಕ್ಕೆ ಕಳಿಸಿ.